ಕಸುಬು ಕಲಿಯುವ ಹುಡುಗನಿಗೂ ಒಂದು ಕರಾರು ಬೇಕು

ಕರ್ನಾಟಕದಲ್ಲಿ ಡಾನ್ ಬೋಸ್ಕೊ ಅಂದರೆ ಎಷ್ಟೋ ಜನರಿಗೆ ನೆನಪಾಗುವುದು ಇಂಗ್ಲಿಷ್ ಮೀಡಿಯಂ ಶಾಲೆ. ನಾನಿರುವ ಇಟಲಿಯ ಟ್ಯೂರಿನ್‌ನಲ್ಲಿ ಅದು ಒಬ್ಬ ಪಾದ್ರಿಯ ಹೆಸರು, ಆ ಹೆಸರಿನ ಜೊತೆಗೆ ಬಡಗಿ, ಚಮ್ಮಾರ, ದರ್ಜಿ, ಕಮ್ಮಾರ ಎಲ್ಲರೂ ಬರುತ್ತಾರೆ. ಅವರ ಬಗ್ಗೆ ನಮ್ಮವರಿಗೆ ಹೇಳಬೇಕು ಅಂತ ಬಹಳ ದಿನದಿಂದ ಅನಿಸುತ್ತಿತ್ತು.

1840ರ ದಶಕದಲ್ಲಿ ಟ್ಯೂರಿನ್ ಬೇಗ ಬೇಗ ಬೆಳೆಯುತ್ತಿತ್ತು. ಸುತ್ತಲ ಹಳ್ಳಿಗಳ ಹುಡುಗರು ಗಾರೆ ಕೆಲಸ ಹುಡುಕಿಕೊಂಡು ಬರುತ್ತಿದ್ದರು. ಮಲಗಲು ಜಾಗವಿಲ್ಲ, ಕೇಳುವವರಿಲ್ಲ. ಕೆಲವರು ಜೈಲು ಸೇರುತ್ತಿದ್ದರು. ಆಗಿನ್ನೂ ಯುವ ಪಾದ್ರಿಯಾಗಿದ್ದ ಬೋಸ್ಕೊ ಆ ಜೈಲುಗಳಿಗೆ ಹೋಗಿ ಅವರನ್ನು ಕಂಡವರು. ಹೊರಗಿದ್ದಾಗಲೇ ಯಾರಾದರೂ ಕೈ ಹಿಡಿದಿದ್ದರೆ ಇವರು ಇಲ್ಲಿಗೆ ಬರುತ್ತಿರಲಿಲ್ಲ ಎಂಬ ಯೋಚನೆಯಿಂದಲೇ ಅವರ ಕೆಲಸವೆಲ್ಲ ಶುರುವಾಯಿತು. 1846ರಲ್ಲಿ ವಾಲ್ದೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬುವರ ಒಂದು ಶೆಡ್ ಸಿಕ್ಕಿತು. ತಾಯಿ ಮಾರ್ಗರಿತಾ ಹಳ್ಳಿ ಬಿಟ್ಟು ಬಂದು ಆ ಹುಡುಗರಿಗೆಲ್ಲ ಅಡುಗೆ ಮಾಡಿ ಹಾಕಿದರು, ಹರಿದ ಬಟ್ಟೆ ಹೊಲಿದುಕೊಟ್ಟರು. 1859ರಲ್ಲಿ ಬೋಸ್ಕೊ ಸಲೇಸಿಯನ್ ಸಭೆ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಂಸ್ಥೆಯನ್ನು ಕಟ್ಟಿದರು. ಇವತ್ತು ಅದು 130ಕ್ಕೂ ಹೆಚ್ಚು ದೇಶಗಳಲ್ಲಿದೆ.

ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು 1852ರ ಒಂದು ಕಾಗದ. ಒಬ್ಬ ಹುಡುಗನನ್ನು ಬಡಗಿಯ ಹತ್ತಿರ ಕೆಲಸಕ್ಕೆ ಸೇರಿಸುವಾಗ ಬೋಸ್ಕೊ ಛಾಪಾ ಕಾಗದದ ಮೇಲೆ ಕರಾರು ಬರೆಸಿದರು. ಬಡಗಿ ಅವನಿಗೆ ಮರಗೆಲಸವನ್ನು ಪೂರ್ತಿ ಕಲಿಸಬೇಕು. ಕಸುಬಿಗೆ ಸಂಬಂಧವಿಲ್ಲದ ಚಾಕರಿ ಮಾಡಿಸಬಾರದು. ತಪ್ಪು ಮಾಡಿದರೆ ಮಾತಿನಿಂದ ತಿದ್ದಬೇಕೇ ಹೊರತು ಕೈ ಎತ್ತಬಾರದು. ಹಬ್ಬದ ದಿನ ಬಿಡುವು ಕೊಡಬೇಕು. ಸಂಬಳ ಎಷ್ಟು, ಅದು ಯಾವಾಗ ಏರುತ್ತದೆ ಎಂಬುದೂ ಅದರಲ್ಲಿದೆ. ಬಡಗಿ, ಹುಡುಗ, ಹುಡುಗನ ಅಪ್ಪ, ಬೋಸ್ಕೊ ಎಲ್ಲರದೂ ಸಹಿ. ಮರುವರ್ಷ ವಾಲ್ದೊಕ್ಕೊದಲ್ಲೇ ಚಪ್ಪಲಿ ಹೊಲಿಯುವ, ಬಟ್ಟೆ ಹೊಲಿಯುವ ಕಾರ್ಯಾಗಾರಗಳು ಶುರುವಾದವು. ಆಮೇಲೆ ಪುಸ್ತಕದ ಬೈಂಡಿಂಗ್, ಮರಗೆಲಸ, ಮುದ್ರಣ, ಕಬ್ಬಿಣದ ಕೆಲಸ ಒಂದೊಂದಾಗಿ ಬಂದವು. ಬೋಸ್ಕೊ ಸ್ವತಃ ಎರಡು ವರ್ಷದವರಿದ್ದಾಗಲೇ ಅಪ್ಪನನ್ನು ಕಳೆದುಕೊಂಡವರು. ಓದುವ ದಿನಗಳಲ್ಲಿ ಹೊಲಿಗೆ ಕಲಿತವರು. ಕೈಕೆಲಸದ ಮೇಲಿನ ಅವರ ಗೌರವ ಬಾಯಿಮಾತಿನದಲ್ಲ.

ನಮ್ಮಲ್ಲಿ ಬಡ ಮಕ್ಕಳನ್ನು ನೋಡಿಕೊಳ್ಳುವವರು ಇಲ್ಲವೇ? ಖಂಡಿತ ಇದ್ದಾರೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ, ಮತ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಮೂರೂ ಸಿಗುತ್ತವೆ. ಅಷ್ಟು ದೊಡ್ಡ ಪಂಕ್ತಿಯನ್ನು ನಾನು ಇಟಲಿಯಲ್ಲಿ ಎಲ್ಲೂ ಕಂಡಿಲ್ಲ. ಈ ವಿಷಯದಲ್ಲಿ ನಾವು ಯಾರಿಂದಲೂ ಪಾಠ ಕೇಳಬೇಕಾಗಿಲ್ಲ.

ನಾವು ಕೈಬಿಟ್ಟಿರುವುದು ಓದು ತಲೆಗೆ ಹತ್ತದ ಹುಡುಗನನ್ನು. ಎಸ್ಸೆಸ್ಸೆಲ್ಸಿ ಫೇಲಾದನಾ, 'ಸುಮ್ನೆ ಗ್ಯಾರೇಜಿಗೆ ಹಾಕಿ' ಅನ್ನುತ್ತೇವೆ. ಐಟಿಐ ಅಂದರೂ ಬೇರೇನೂ ಸಿಗದವರ ಜಾಗ ಎಂಬ ಭಾವನೆ ಇದೆ. ಗ್ಯಾರೇಜಿನಲ್ಲಿ ಅವನು ಮೊದಲು ಕಲಿಯುವುದು ಟೀ ತರುವುದನ್ನು. ಏಟು ತಿಂದರೆ 'ಪೆಟ್ಟು ತಿನ್ನದೆ ಕೆಲಸ ಬರುತ್ತಾ?' ಅಂತ ಅಪ್ಪನೇ ಹೇಳುತ್ತಾನೆ. ನಮ್ಮ ದೇಶದಲ್ಲೂ 1961ರಿಂದ ಅಪ್ರೆಂಟಿಸ್ ಕಾಯ್ದೆ ಇದೆ. ಆದರೆ ಓಣಿಯ ಗ್ಯಾರೇಜಿನವರೆಗೆ ಅದು ಬರುವುದೇ ಇಲ್ಲ.

ಇಲ್ಲಿ ಟ್ಯೂರಿನ್‌ನಲ್ಲಿ ಇನ್ನೊಂದು ವಿಷಯವೂ ನನಗೆ ಹಿಡಿಸಿದೆ. ಸಲೇಸಿಯನ್ನರ ಆಟದ ಅಂಗಳಕ್ಕೆ ಬರಲು ಅವರ ಶಾಲೆಯ ವಿದ್ಯಾರ್ಥಿಯೇ ಆಗಿರಬೇಕೆಂದಿಲ್ಲ. ಜೂನ್‌ನಲ್ಲಿ ಶಾಲೆಗಳಿಗೆ ರಜೆ ಬಂದರೆ ಅಂಗಳ ತುಂಬ ಮಕ್ಕಳು. ಅವರನ್ನು ಆಡಿಸುವವರು ಅದೇ ಬಡಾವಣೆಯ ಹದಿನಾರು, ಹದಿನೇಳರ ಹುಡುಗ ಹುಡುಗಿಯರು. ಇಂಥ ಅಂಗಳಗಳು ಸಮಾಜಕ್ಕೆ ಬೇಕಾದವು ಅಂತ ಇಟಲಿ ಸರ್ಕಾರ 2003ರಲ್ಲಿ ಕಾನೂನನ್ನೇ ತಂದಿತು. ಧರ್ಮದ ಪ್ರಶ್ನೆ ನಮ್ಮವರು ಕೇಳಿಯೇ ಕೇಳುತ್ತಾರೆ. ಇದು ಕ್ಯಾಥೊಲಿಕ್ ಸಂಸ್ಥೆ, ಪ್ರಾರ್ಥನೆ ಇದ್ದೇ ಇದೆ, ಅದನ್ನು ಅವರು ಮುಚ್ಚಿಡುವುದಿಲ್ಲ. ಮೊರಾಕ್ಕೊ ಮೂಲದ ಮುಸ್ಲಿಂ ಮಕ್ಕಳೂ ಅದೇ ಅಂಗಳದಲ್ಲಿ ಚೆಂಡು ಒದೆಯುತ್ತಾರೆ.

ಬೆಂಗಳೂರಿನಲ್ಲೂ ಈ ದಾರಿ ಹೊಸದಲ್ಲ. 1980ರಲ್ಲಿ ಸಲೇಸಿಯನ್ನರು ಶುರು ಮಾಡಿದ ಬೆಂಗಳೂರು ಓಣಿಯವರ ಸೇವಾ ಕೂಟ ರೈಲು ನಿಲ್ದಾಣ, ಬಸ್ ನಿಲ್ದಾಣಗಳಿಗೇ ಹೋಗಿ ಮನೆ ಬಿಟ್ಟು ಬಂದ ಮಕ್ಕಳನ್ನು ಮಾತಾಡಿಸುತ್ತದೆ. ಒಳ್ಳೆಯ ಕೆಲಸ. ಆದರೆ ಎಲ್ಲವನ್ನೂ ಅವರ ಹೆಗಲಿಗೇ ಹಾಕುವುದು ಸರಿಯಲ್ಲ, ಅಲ್ವಾ?

ನಮ್ಮ ಮಠಗಳಿಗೆ ಜನರ ಮೇಲೆ ಇರುವಷ್ಟು ಹಿಡಿತ ಯಾವ ಇಲಾಖೆಗೂ ಇಲ್ಲ. ಸ್ವಾಮಿಗಳು ಕರೆದರೆ ಗ್ಯಾರೇಜಿನವರು, ಬಡಗಿಗಳು, ವೆಲ್ಡಿಂಗ್ ಅಂಗಡಿಯವರು ಬಂದೇ ಬರುತ್ತಾರೆ. ಹದಿನಾಲ್ಕು ದಾಟಿದ, ಕಸುಬು ಕಲಿಯಬೇಕೆನ್ನುವ ಹುಡುಗರನ್ನು ಮಠವೇ ಅವರ ಕೈಗೊಪ್ಪಿಸಲಿ. ಹೊಡೆಯಬಾರದು, ಕೆಲಸ ಪೂರ್ತಿ ಕಲಿಸಬೇಕು, ವಾರಕ್ಕೊಂದು ರಜೆ, ತಿಂಗಳಿಗೆ ಇಷ್ಟು ಸಂಬಳ ಅಂತ ಬರೆಸಲಿ. ಜಾಮೀನಿಗೆ ಸ್ವಾಮಿಗಳೇ ಸಹಿ ಹಾಕಲಿ.