ಕೊಟ್ಟಿಗೆಯಲ್ಲೊಂದು ನಡುಗಟ್ಟೆ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಹಿಂದಿನ ಕೊಟ್ಟಿಗೆ ಬರಿದಾಗಿ ಐದು ವರ್ಷ ಕಳೆಯಿತು. ಅಪ್ಪ ತೀರಿಕೊಂಡ ಮೇಲೆ ಹುಲ್ಲು ಸೊಪ್ಪು ತರುವವರಿಲ್ಲದೆ ಕೊನೆಯ ಎರಡು ಹಸುಗಳನ್ನು ಅತ್ತೆಯ ಮನೆಗೆ ಕಳಿಸಿದೆವು. ಮತ್ತಿಯ ಕಂಬಗಳು, ಜಂಬಿಟ್ಟಿಗೆಯ ಗೋಡೆ, ಮಂಗಳೂರು ಹೆಂಚಿನ ಮಾಡು ಎಲ್ಲವೂ ಇನ್ನೂ ಗಟ್ಟಿಯಾಗಿಯೇ ಇದ್ದುದರಿಂದ ಅದನ್ನು ಕೆಡವಿ ಆರ್‌ಸಿಸಿ ಹಾಕುವ ಮಾತನ್ನು ನಾನು ಒಪ್ಪಲಿಲ್ಲ. ಕಂಬದಿಂದ ಕಂಬಕ್ಕೆ ಎಣಿಸುವ ನಾಲ್ಕು ಅಂಕಣಗಳಲ್ಲಿ ಎರಡನ್ನು ಅಡುಗೆಮನೆಯಾಗಿಯೂ ಉಳಿದೆರಡನ್ನು ಊಟದ ಜಾಗವಾಗಿಯೂ ಮಾಡುವುದೆಂದು ಮನೆಯವರೆಲ್ಲ ಕೂಡಿ ತೀರ್ಮಾನಿಸಿದೆವು. "ಕೊಟ್ಟಿಗೆಯಲ್ಲಿ ಅಡುಗೆಯೇ?" ಎಂದು ಕೇಳಿದವರಿಗೆ ಅಮ್ಮ ಕೊಟ್ಟ ಉತ್ತರ ಚಿಕ್ಕದು: "ಹಸು ಕಟ್ಟಿದ ಜಾಗಕ್ಕಿಂತ ಶುದ್ಧವಾದ ಜಾಗ ಯಾವುದಿದೆ ಮಾರಾಯ್ರೆ?"

ಆ ಅಡುಗೆಮನೆಯ ನಡುವೆ, ಯಾವ ಗೋಡೆಗೂ ತಾಗದಂತೆ, ನಾಲ್ಕೂ ಕಡೆಯಿಂದ ನಿಂತು ಕೆಲಸ ಮಾಡಲು ಬರುವ ಒಂದು ಕಟ್ಟೆ ಬೇಕೆಂಬುದು ಮೊದಲಿನಿಂದಲೂ ನನ್ನ ಆಸೆಯಾಗಿತ್ತು. ಪೇಟೆಯಲ್ಲಿ ಅದಕ್ಕೆ ಐಲ್ಯಾಂಡ್ ಎನ್ನುತ್ತಾರೆ, ಅಮ್ಮ ನಡುಗಟ್ಟೆ ಎನ್ನುತ್ತಾರೆ. ಒಂದು ವರ್ಷ ಅಳೆದು, ಗೆರೆ ಎಳೆದು, ಒಮ್ಮೆ ದುಡ್ಡು ಕಳೆದುಕೊಂಡು, ಮತ್ತೆ ಅಳೆದ ಮೇಲೆ ನಾನು ತಲುಪಿದ ಅಭಿಪ್ರಾಯ ಇದು: ನಮ್ಮ ಕಡೆಯ ಹಳೆಯ ಕೊಟ್ಟಿಗೆಯನ್ನು ಅಡುಗೆಮನೆ ಮಾಡುವವರಿಗೆ ನಡುಗಟ್ಟೆ ಬೇಕೇಬೇಕು, ಆದರೆ ಅದರ ಮೇಲೆ ಒಲೆಯೂ ಇರಬಾರದು, ಸಿಂಕೂ ಇರಬಾರದು.

ಬೇಕೇಬೇಕು ಎನ್ನುವುದಕ್ಕೆ ಕಾರಣ ಮಾಡಿನ ಇಳಿಜಾರು. ಇಂಟರ್‌ನೆಟ್ಟಿನಲ್ಲಿ ನಾವು ನೋಡುವ ಚಿತ್ರಗಳು ಬಹುಪಾಲು ಇಂಗ್ಲೆಂಡ್, ಅಮೆರಿಕದ ಕಣಜಗಳದ್ದು. ಇಂಗ್ಲೆಂಡಿನಲ್ಲಿ 2014ರಿಂದ ಹಳೆಯ ಕೃಷಿ ಕಟ್ಟಡಗಳನ್ನು ವಾಸದ ಮನೆಯಾಗಿ ಬದಲಾಯಿಸಲು ನಿಯಮಗಳು ಸಡಿಲಗೊಂಡ ಮೇಲೆ ಅಂತಹ ಮನೆಗಳು ಇನ್ನಷ್ಟು ಹೆಚ್ಚಿದವು. ನಾವು ಅಂಕಣ ಎಣಿಸುವಂತೆ ಅಲ್ಲಿಯೂ ಕಂಬದಿಂದ ಕಂಬಕ್ಕೆ ಎಣಿಸಿಯೇ ಕಟ್ಟಡದ ಉದ್ದ ಹೇಳುತ್ತಾರೆ, ಅಷ್ಟರಮಟ್ಟಿಗೆ ಹೋಲಿಕೆಯುಂಟು. ಆದರೆ ಪೈರು ತುಂಬಿದ ಗಾಡಿ ಒಳಗೆ ಬರಲೆಂದು ಕಟ್ಟಿದ ಆ ಕಣಜಗಳಿಗೆ ಎತ್ತರದ ಗೋಡೆಗಳಿವೆ. ನಮ್ಮ ಕೊಟ್ಟಿಗೆಯನ್ನು ಕಟ್ಟಿದ್ದು ಮಲೆನಾಡು ಗಿಡ್ಡ ತಳಿಯ ಸಣ್ಣ ದನಗಳಿಗಾಗಿ, ಗಾಳಿಗೆ ಓರೆಯಾಗಿ ಬಡಿಯುವ ಮಳೆಯನ್ನು ತಡೆಯುವುದಕ್ಕಾಗಿ. ಇಲ್ಲಿಂದ ಸ್ವಲ್ಪ ದೂರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆಂದರೆ, ನಮ್ಮ ಹಿರಿಯರು ಸೂರನ್ನು ಏಕೆ ಅಷ್ಟು ಕೆಳಕ್ಕೆ ಇಳಿಸಿದರು ಎಂಬುದು ಯಾರಿಗಾದರೂ ಅರ್ಥವಾಗುತ್ತದೆ.

ನಮ್ಮ ಕೊಟ್ಟಿಗೆಯ ಅಗಲ 20 ಅಡಿ. ನಡುವೆ 10 ಅಡಿ ಅಂತರದಲ್ಲಿ ಎರಡು ಸಾಲು ಕಂಬಗಳು, ಅವುಗಳ ಆಚೀಚೆ 5 ಅಡಿಯ ಎರಡು ಪಕ್ಕಗಳು. ಮಾಡಿನ ನೆತ್ತಿ 13 ಅಡಿ ಎತ್ತರದಲ್ಲಿದ್ದರೆ ಪಕ್ಕದ ಗೋಡೆಗಳ ಎತ್ತರ ಬರೀ 5 ಅಡಿ. ಗೋಡೆಯಿಂದ ಒಂದಡಿ ಒಳಗೆ ಬಂದರೆ ಮಾಡು 5 ಅಡಿ 10 ಇಂಚಿನಷ್ಟು ಎತ್ತರದಲ್ಲಿ ಸಿಗುತ್ತದೆ, ಎರಡಡಿ ಒಳಗೆ ಬಂದರೆ ಆರೂವರೆ ಅಡಿ. ಇಂತಹ ಗೋಡೆಗೆ ತಾಗಿಸಿ ಉದ್ದಕ್ಕೂ ಅಡುಗೆಕಟ್ಟೆ ಮಾಡಿ, ಮೇಲೆ ಕಪಾಟು ತೂಗುಹಾಕುವುದು ಸಾಧ್ಯವೇ ಇಲ್ಲ. ಒಲೆಯನ್ನಂತೂ ಇಡಲೇಬಾರದು, ಉರಿಗೂ ಹೆಂಚು ಹೊತ್ತ ರೀಪು ಪಕಾಸಿಗೂ ನಡುವೆ ಮೂರಡಿಯೂ ಉಳಿಯುವುದಿಲ್ಲ, ನೂರು ವರ್ಷ ಒಣಗಿದ ಮರ ಅದು. ಮನುಷ್ಯ ನೆಟ್ಟಗೆ ನಿಂತು ಉಸಿರಾಡಿಕೊಂಡು ಕೆಲಸ ಮಾಡಬಹುದಾದ ಜಾಗ ಇರುವುದು ನಡುವಿನಲ್ಲಿ ಮಾತ್ರ. ಹಾಗಾಗಿ ಕೆಲಸದ ಕಟ್ಟೆ ಅಲ್ಲಿಗೆ ಬರಬೇಕೆಂದು ಕಟ್ಟಡವೇ ಹೇಳುತ್ತಿದೆ.

ಹಾಗಿದ್ದರೆ ಒಲೆ ಎಲ್ಲಿಗೆ? ಎರಡು ತುದಿಯ ಗೋಡೆಗಳು ನೆತ್ತಿಯವರೆಗೂ ಏರುತ್ತವೆ. ಪೂರ್ವದ ತುದಿಗೋಡೆಯ ನಡುಭಾಗದಲ್ಲಿ ಒಲೆ ಇಟ್ಟರೆ ಉರಿಯ ಮೇಲೆ ಹತ್ತಡಿಯಷ್ಟು ತೆರವು ಸಿಗುತ್ತದೆ, ಚಿಮಣಿಯ ಕೊಳವೆ ನೇರವಾಗಿ ಗೋಡೆಯಿಂದ ಹೊರಗೆ ಹೋಗುತ್ತದೆ, ಅಡುಗೆ ಮಾಡುವವರ ಮುಖ ಪೂರ್ವಕ್ಕಿರುತ್ತದೆಂದು ಅಮ್ಮನಿಗೂ ಸಮಾಧಾನ. ನಾವು ಮೊದಲು ಮಾತನಾಡಿದ ಇಂಟೀರಿಯರ್‌ನವರು ಕೊಟ್ಟ ನಕ್ಷೆಯಲ್ಲಿ ಒಲೆ ನಡುಗಟ್ಟೆಯ ಮೇಲೆಯೇ ಇತ್ತು. ಅದರ ಮೇಲಕ್ಕೊಂದು ದೊಡ್ಡ ಚಿಮಣಿಯನ್ನು ಮಾಡಿನಿಂದ ತೂಗುಹಾಕಬೇಕು, ಕೊಳವೆಗಾಗಿ ಹೆಂಚು ತೆಗೆದು ತೂತು ಮಾಡಬೇಕು, ಆಮೇಲೆ ಪ್ರತಿ ಮಳೆಗಾಲದಲ್ಲೂ ಆ ತೂತಿನ ಸುತ್ತ ಸೋರುವುದನ್ನು ಕಾಯುತ್ತ ಕೂರಬೇಕು. ಎರಡೂ ಬಾಗಿಲು ತೆರೆದಾಗ ಕೊಟ್ಟಿಗೆಯ ಉದ್ದಕ್ಕೂ ಗಾಳಿ ಬೀಸುವುದರಿಂದ ಗ್ಯಾಸ್ ಉರಿ ಓಲಾಡುತ್ತದೆ, ಆರಿಯೂ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕೂ ಕಡೆ ಜನ ನಿಲ್ಲುವ, ಮಕ್ಕಳು ಬಂದು ಗಲ್ಲ ಊರುವ ಕಟ್ಟೆಯ ಮೇಲೆ ಸಾಸಿವೆ ಸಿಡಿಯುವ ಒಗ್ಗರಣೆ ಸೌಟು, ಹಪ್ಪಳ ಕರಿಯುವ ಬಾಣಲೆ ಇರುವುದು ನನಗೆ ಕೊಂಚವೂ ಸರಿ ಕಾಣಲಿಲ್ಲ. ಬೆಂಕಿಯ ಹಿಂದೆ ಯಾವಾಗಲೂ ಒಂದು ಗೋಡೆ ಇರಬೇಕು.

ಸಿಂಕಿನ ವಿಷಯದಲ್ಲಿ ಮಾತ್ರ ನಾನು ಬಹಳ ದಿನ ತೂಗಾಡಿದೆ. ನಮ್ಮ ಕೊಟ್ಟಿಗೆಯಲ್ಲಿ ದನಗಳು ಎರಡೂ ಪಕ್ಕದ ಗೋದಲಿಗಳಿಗೆ ಮುಖಮಾಡಿ ನಿಲ್ಲುತ್ತಿದ್ದುದರಿಂದ ಗಂಜಲದ ಕಾಲುವೆ ನಟ್ಟನಡುವೆ ಹಾದು, ಗೋಡೆಯ ಕೆಳಗಿನ ಕಂಡಿಯಿಂದ ಗೊಬ್ಬರದ ಗುಂಡಿಗೆ ಸೇರುತ್ತಿತ್ತು. ಕಲ್ಲು ಕೊರೆದು ಮಾಡಿದ ಒಂದು ಅಂಗೈ ಅಗಲದ ಕಾಲುವೆ ಅದು, ನೀರು ಸುರಿದರೆ ಈಗಲೂ ಎಲ್ಲಿಯೂ ನಿಲ್ಲದೆ ಓಡುತ್ತದೆ. ಇಷ್ಟು ಒಳ್ಳೆಯ ಇಳಿಜಾರು ಸಿದ್ಧವಾಗಿರುವಾಗ ಪೈಪನ್ನು ಅದರಲ್ಲೇ ಮಲಗಿಸಿ ನಡುಗಟ್ಟೆಗೊಂದು ಸಿಂಕ್ ಕೊಡಬಹುದಲ್ಲ ಎಂದು ಯೋಚಿಸಿದೆ. ಆದರೆ ಸಿಂಕಿನ ಪೈಪಿಗೆ ಗಾಳಿ ಕೊಳವೆಯೊಂದು ಬೇಕು, ಅದು ಗೋಡೆಯಿದ್ದರೆ ಮೇಲೇರುತ್ತದೆ, ನಡುವಿನಲ್ಲಿ ಏರುವುದಕ್ಕೆ ದಾರಿಯಿಲ್ಲ. ಅದಿಲ್ಲದಿದ್ದರೆ ನೀರು ಗುಳುಗುಳು ಎನ್ನುತ್ತ ನಿಧಾನವಾಗಿ ಇಳಿಯುತ್ತದೆ, ನಾತವೂ ಒಳಗೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಸಿಂಕ್ ಇದ್ದ ಕಡೆ ಪಾತ್ರೆಗಳ ರಾಶಿ ಬಂದೇ ಬರುತ್ತದೆ. ಕೆಲಸಕ್ಕೆ ಬೇಕಾದ ಒಣ ಜಾಗವನ್ನು ಎಂಜಲು ಪಾತ್ರೆಗೆ ಬಿಟ್ಟುಕೊಟ್ಟರೆ ನಡುಗಟ್ಟೆ ಕಟ್ಟಿಸಿದ ಉದ್ದೇಶವೇ ಹೋಯಿತು. ಕಡೆಗೆ ಸಿಂಕನ್ನು ಉತ್ತರದ ಗಿಡ್ಡ ಗೋಡೆಯ ಕಿಟಕಿಯ ಕೆಳಗೆ ಇಡುವುದೆಂದಾಯಿತು. ಅಲ್ಲಿ ಕಪಾಟು ಬೇಕಿಲ್ಲ, ನಿಂತವರ ತಲೆಗೆ ಮಾಡು ತಾಗುವುದಿಲ್ಲ, ನೀರು ನೇರವಾಗಿ ಹೊರಗಿನ ಬಾಳೆಯ ಬುಡಕ್ಕೆ ಹೋಗುತ್ತದೆ.

ಕಾಲುವೆಯೂ ವ್ಯರ್ಥವಾಗಲಿಲ್ಲ. ಗೋಡೆ ಇಲ್ಲದ ಕಟ್ಟೆಗೆ ಕರೆಂಟು ನೆಲದಿಂದಲೇ ಬರಬೇಕಲ್ಲ. ಮಿಕ್ಸಿಗೂ ಗ್ರೈಂಡರಿಗೂ ಬೇಕಾದ ವೈರಿನ ಪೈಪನ್ನು ಆ ಕಾಲುವೆಯಲ್ಲಿ ಮಲಗಿಸಿ ಮೇಲೆ ಕಲ್ಲುಚಪ್ಪಡಿ ಮುಚ್ಚುತ್ತಿದ್ದೇವೆ. ಪೈಪಿನ ಬಾಯಿ ನೆಲಮಟ್ಟದಿಂದ ಒಂದಡಿ ಮೇಲಿರುತ್ತದೆ, ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ಲೈನು ಕಡಿಯುವ ಸ್ವಿಚ್ಚು, ಬೇರೆ. ತೇವದ ನಾಡಿನಲ್ಲಿ ಇದರಲ್ಲಿ ಉಳಿತಾಯ ಮಾಡಬಾರದು. ಗೋಡೆಯ ಬುಡದ ಕಂಡಿಯನ್ನು ಮುಚ್ಚದೆ ಜಾಲರಿ ಹಾಕಿ ಉಳಿಸಿಕೊಂಡಿದ್ದೇವೆ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲೇ ಹರಡುತ್ತದೆ, ಎತ್ತರದ ಕಿಟಕಿಯಿಂದ ಅದು ಹೊರಹೋಗುವುದಿಲ್ಲ, ಇಂತಹ ಕೆಳಗಿನ ಕಂಡಿಯೇ ಬೇಕು. ಸಿಲಿಂಡರು ಹೇಗೂ ಹೊರಗಿರುತ್ತದೆ.

ಅಳತೆಗೆ ಬರೋಣ. ಒಲೆ, ಸಿಂಕ್, ಫ್ರಿಜ್ ಮೂರರ ನಡುವಿನ ತ್ರಿಕೋನದ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ: ಒಂದೊಂದು ಬದಿ 4ರಿಂದ 9 ಅಡಿ, ಮೂರೂ ಕೂಡಿ 26 ಅಡಿ ಮೀರಬಾರದು. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಲೆಕ್ಕ ಅದು. ಅದಕ್ಕೂ ಮೊದಲು, 1926ರಲ್ಲಿ, ಮಾರ್ಗರೆಟೆ ಶ್ಯೂಟೆ ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟಿನ ವಸತಿಗಳಿಗಾಗಿ ಹೆಜ್ಜೆ ಹೆಜ್ಜೆಯನ್ನೂ ಎಣಿಸಿ, 1.9 ಮೀಟರ್ ಅಗಲ 3.4 ಮೀಟರ್ ಉದ್ದದ ಅಡುಗೆಮನೆಯನ್ನು ರೂಪಿಸಿದ್ದರು. ಇವೆರಡೂ ಒಬ್ಬರೇ ಅಡುಗೆ ಮಾಡುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡವು, ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ನಮ್ಮ ಮನೆಯಲ್ಲಿ ಹಬ್ಬದ ದಿನ ನಾಲ್ಕು ಜನ ಒಟ್ಟಿಗೆ ಕೈ ಹಾಕುತ್ತಾರೆ. ನಮ್ಮ ನಕ್ಷೆಯಲ್ಲಿ ಒಲೆಯಿಂದ ಸಿಂಕಿಗೆ 8 ಅಡಿ, ಒಲೆಯಿಂದ ಫ್ರಿಜ್ಜಿಗೆ 5, ಫ್ರಿಜ್ಜಿನಿಂದ ಸಿಂಕಿಗೆ ಸುಮಾರು 12. ಕೊನೆಯದು ಲೆಕ್ಕ ಮೀರಿದೆ, ಇರಲಿ ಎಂದು ಬಿಟ್ಟಿದ್ದೇನೆ. ಫ್ರಿಜ್ಜಿನಿಂದ ತೆಗೆದದ್ದು ನಮ್ಮಲ್ಲಿ ಮೊದಲು ಹೋಗುವುದು ನಡುಗಟ್ಟೆಗೆ. ತ್ರಿಕೋನಕ್ಕಿಂತ ನನಗೆ ಮುಖ್ಯವೆನಿಸಿದ್ದು ಓಡಾಟದ ಅಗಲ. ಒಲೆಯ ಕಟ್ಟೆಗೂ ನಡುಗಟ್ಟೆಗೂ ನಡುವೆ ಪೂರ್ತಿ 4 ಅಡಿ ಬೇಕು, ಒಬ್ಬರು ಕುದಿಯುವ ಸಾರಿನ ಪಾತ್ರೆ ಹಿಡಿದು ತಿರುಗುವಾಗ ಇನ್ನೊಬ್ಬರು ಹಿಂದಿನಿಂದ ಹಾದುಹೋಗುತ್ತಿರುತ್ತಾರೆ. ಕಟ್ಟೆಯ ಅಗಲ 3 ಅಡಿ ಎಂದುಕೊಂಡರೆ ಕಂಬದ ದಪ್ಪ ಕಳೆದು ಅದರ ಅಂಚಿನಿಂದ ಕಂಬಕ್ಕೆ ಆಚೀಚೆ 3 ಅಡಿ 2 ಇಂಚು ಉಳಿಯುತ್ತದೆ. ಸೊಂಟದ ಮೇಲೆ ಕೊಡ ಇಟ್ಟುಕೊಂಡವರು ಕಂಬಕ್ಕೆ ತಾಗದೆ ಹೋಗಲು ಅಷ್ಟು ಸಾಕು, ಅದಕ್ಕಿಂತ ಒಂದಿಂಚೂ ಕಡಿಮೆಯಾಗಕೂಡದು.

ಇವೆಲ್ಲ ಕಾಗದದ ಮೇಲೆ ಸಿಕ್ಕ ತಿಳಿವಳಿಕೆಯಲ್ಲ. ಯುಗಾದಿಗೆ ಮುಂಚೆ ಕೊಟ್ಟಿಗೆಯ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ತೋಟಕ್ಕೆ ಔಷಧಿ ಹೊಡೆಯಲು ಹೊಸದಾಗಿ ತಂದಿದ್ದ, ಇನ್ನೂ ಮೈಲುತುತ್ತ ಕಾಣದ ನಾಲ್ಕು ಡ್ರಮ್ಮುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಭತ್ತ ತುಂಬುವ ಹಳೆಯ ಪಣತದ ಬಾಗಿಲನ್ನು ಮಲಗಿಸಿದೆವು. ಏಳಡಿ ಉದ್ದ, ಮೂರಡಿ ಅಗಲದ ಹಲಸಿನ ಬಾಗಿಲು. ತಾತ್ಕಾಲಿಕವಾಗಿ ಒಲೆಯನ್ನೂ ಅದರ ಜಾಗದಲ್ಲಿಟ್ಟು ಹದಿನೈದು ದಿನ ಅಲ್ಲೇ ಅಡುಗೆ ಮಾಡಿದೆವು. ಮೊದಲ ದಿನವೇ ಅತ್ತಿಗೆ, "ಇದು ಎತ್ತರ ಆಯ್ತು, ಭುಜ ನೋಯ್ತದೆ" ಎಂದರು. ಡ್ರಮ್ಮೂ ಬಾಗಿಲೂ ಸೇರಿ ಮೂರಡಿ ದಾಟಿತ್ತು. ಕತ್ತರಿಸುವ, ನಾದುವ ಕಟ್ಟೆ ಮೊಣಕೈಗಿಂತ 4ರಿಂದ 6 ಇಂಚು ಕೆಳಗಿರಬೇಕೆಂಬುದು ಸರಿಯಾದ ಲೆಕ್ಕ. ಅತ್ತಿಗೆಯ ಮೊಣಕೈ ನೆಲದಿಂದ 38 ಇಂಚು, ಹಾಗಾಗಿ ನಮ್ಮ ಕಟ್ಟೆ 33 ಇಂಚಿಗೆ ಇಳಿಯಿತು.

ಅಮ್ಮನ ಕಷ್ಟ ಬೇರೆಯದು. ಜೀವಮಾನವಿಡೀ ನೆಲದ ಮೇಲೆ ಕುಳಿತು ಮೆಟ್ಟುಗತ್ತಿಯಲ್ಲಿ ಹೆಚ್ಚಿದವರು, ಈಗ ಮಂಡಿ ನೋವಿನಿಂದ ನೆಲಕ್ಕೆ ಕೂರಲಾರರು, ಹೆಚ್ಚು ಹೊತ್ತು ನಿಲ್ಲಲೂ ಆರರು. ಮಾಡ್ಯುಲರ್ ಅಂಗಡಿಗಳ ಯಾವ ಚಿತ್ರದಲ್ಲೂ ಇಂತಹವರಿಗೆ ಜಾಗವಿಲ್ಲದಿರುವುದು ನನಗೆ ನೋವಿನ ಸಂಗತಿ. ಹಲಸಿನಕಾಯಿ ಹಪ್ಪಳ ಮಾಡಿದ ದಿನ ಅಮ್ಮ ಒಂದು ಕುರ್ಚಿ ಎಳೆದುಕೊಂಡು ಬಾಗಿಲಿನ ತುದಿಗೆ ಬಂದು ಕೂತರು. ಹಿಟ್ಟಿನ ಉಂಡೆಗಳು ಅವರ ಕಣ್ಣಿನ ಮಟ್ಟಕ್ಕೆ ಹತ್ತಿರವಿದ್ದವು. ಎರಡು ಹಪ್ಪಳ ಒತ್ತಿ, ಕೈ ಎತ್ತರಿಸಿ ಹಿಡಿದು ಸುಸ್ತಾಗಿ, ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸುಮ್ಮನೆ ನಮ್ಮನ್ನು ನೋಡುತ್ತ ಕುಳಿತರು. ಆ ರಾತ್ರಿಯೇ ನಕ್ಷೆ ಬದಲಾಯಿಸಿದೆ. ಏಳಡಿಯಲ್ಲಿ ಊಟದ ಜಾಗದ ಕಡೆಗಿರುವ ಎರಡೂವರೆ ಅಡಿ ತುದಿ 28 ಇಂಚು ಎತ್ತರಕ್ಕೆ ಇಳಿಯುತ್ತದೆ, ಅದರ ಕೆಳಗೆ ಕಾಲು ಚಾಚಲು ತೆರವು ಇರುತ್ತದೆ. ಅಮ್ಮ ಕುರ್ಚಿಯಲ್ಲಿ ಕೂತೇ ಸೊಪ್ಪು ಬಿಡಿಸಬಹುದು, ಮಕ್ಕಳು ಅಲ್ಲೇ ತಿಂಡಿ ತಿನ್ನಬಹುದು, ಚಪಾತಿ ಲಟ್ಟಿಸುವುದಕ್ಕೂ ತಗ್ಗಿನ ಕಟ್ಟೆಯೇ ಮೇಲು.

ಸಾಮಗ್ರಿಯ ಬಗ್ಗೆ ಕಡಿಮೆ ಮಾತು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ಊರಿನಲ್ಲಿ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಪೆಟ್ಟಿಗೆಗಳು ಬುಡದಿಂದ ಉಬ್ಬುತ್ತವೆ, ಪ್ಲೈವುಡ್ಡಿಗೆ ಗೆದ್ದಲು ಕಾದಿರುತ್ತದೆ. ಕಟ್ಟೆಯ ಕಾಲುಗಳಿಗೆ ಜಂಬಿಟ್ಟಿಗೆ, ಮೇಲೆ ಗ್ರಾನೈಟ್, ನಡುವೆ ಗಾಳಿಯಾಡುವ ತೆರೆದ ಹಲಗೆಗಳು. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕಿಲೋ ತೂಗುವುದರಿಂದ ನಮ್ಮ 21 ಚದರ ಅಡಿಗೆ ನೂರು ಕಿಲೋ ಮೀರುತ್ತದೆ. ಇಳಿಜಾರಾಗಿದ್ದ ಕೊಟ್ಟಿಗೆಯ ನೆಲದಲ್ಲಿ ಅದನ್ನು ಸುಮ್ಮನೆ ನಿಲ್ಲಿಸಲಾಗದು, ಕಾಲುಗಳ ಕೆಳಗೆ ಅಗೆದು ಗಟ್ಟಿ ತಳ ಹಾಕಿಸಬೇಕು.

ದುಡ್ಡು ಕಳೆದುಕೊಂಡೆನೆಂದು ಮೇಲೆ ಹೇಳಿದ್ದು ಗೋಡೆಯ ವಿಷಯ. ಕಳೆದ ವರ್ಷ ಬೇಸಿಗೆಯಲ್ಲಿ ಅವಸರಪಟ್ಟು ಗೋದಲಿಗಳನ್ನು ತೆಗೆಸಿ, ಒಳಗಿನ ಗೋಡೆಗಳಿಗೆ ಸಿಮೆಂಟ್ ಗಿಲಾವು ಮಾಡಿಸಿ ಬಣ್ಣ ಬಳಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ನೆಲದಿಂದ ಮೂರಡಿಯವರೆಗೆ ಬಿಳಿಯ ಉಪ್ಪು ಹೂವಿನಂತೆ ಅರಳಿ, ಗಿಲಾವು ಹಾಳೆ ಹಾಳೆಯಾಗಿ ಉದುರಿತು. ತಲೆಮಾರುಗಳ ಕಾಲ ಸಗಣಿ ಗಂಜಲ ಹೀರಿದ ಗೋಡೆಯಲ್ಲಿ ಪೆಟ್ಲುಪ್ಪಿನಂತಹ ಲವಣಗಳು ತುಂಬಿರುತ್ತವೆ, ಅವು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ. ಸಿಮೆಂಟು ಬಾಯಿ ಮುಚ್ಚಿದರೆ ಅವು ಗಿಲಾವನ್ನೇ ಒಡೆದು ಹೊರಬರುತ್ತವೆ. ಈಗ ಅಷ್ಟನ್ನೂ ಕೆತ್ತಿಸಿ, ಗೋಡೆಯನ್ನು ಒಣಗಲು ಬಿಟ್ಟು, ಒಣ ಕುಂಚದಿಂದ ಉಪ್ಪು ಗುಡಿಸಿ ಸುಣ್ಣದ ಗಾರೆ ಮಾಡಿಸಿದ್ದೇವೆ. ಕೆಲವು ವರ್ಷಗಳ ನಂತರ ಅದೂ ಉದುರೀತು, ಆಗ ಮತ್ತೊಮ್ಮೆ ಸುಣ್ಣ ಹಾಕುವುದು. ಕೊಟ್ಟಿಗೆಯನ್ನು ಮನೆ ಮಾಡಹೊರಟವರು ನಕ್ಷೆಗಿಂತ ಮೊದಲು ಒಂದು ಮಳೆಗಾಲ ಆ ಗೋಡೆಗಳನ್ನು ನೋಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಈ ಉಪ್ಪಿನ ಕಾರಣದಿಂದಲೂ ನಡುಗಟ್ಟೆ ನನಗೆ ಹೆಚ್ಚು ಪ್ರಿಯವಾಯಿತು: ಪಾತ್ರೆ, ಡಬ್ಬಿ, ದವಸಗಳೆಲ್ಲ ಗೋಡೆಯಿಂದ ದೂರ, ಒಣಗಿ ಇರುತ್ತವೆ.

ಬೆಳಕಿಗಾಗಿ ನಡುಗಟ್ಟೆಯ ನೇರಕ್ಕೆ, ಉತ್ತರದ ಇಳಿಜಾರಿನಲ್ಲಿ ಆರು ಗಾಜಿನ ಹೆಂಚು ಹಾಕಿಸಿದ್ದೇವೆ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭವಾದಂದಿನಿಂದ ಈ ಹೆಂಚುಗಳ ಅನುಕೂಲವೇ ಅದು, ಒಂದನ್ನು ಜಾರಿಸಿ ತೆಗೆದು ಅದೇ ಅಳತೆಯ ಗಾಜಿನದನ್ನು ಕೂರಿಸಬಹುದು, ಮಾಡಿಗೆ ಯಾವ ಗಾಯವೂ ಆಗುವುದಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಹಲಸಿನ ಬಾಗಿಲಿನ ಮೇಲೆ ಬೆಳಕು ಬಂದು ಬಿದ್ದಾಗ ದೀಪ ಹಾಕದೆಯೇ ಅಕ್ಕಿಯ ಕಲ್ಲು ಆರಿಸಬಹುದು.

ಕಟ್ಟೆಯ ಕೆಲಸದವರು ಮುಂದಿನ ವಾರ ಬರುತ್ತಾರೆ. ಮಳೆ ಹಿಡಿಯುವ ಮುಂಚೆ ಜಂಬಿಟ್ಟಿಗೆಯ ಕಾಲುಗಳಾದರೂ ಮೇಲೇಳಬೇಕು. ಡ್ರಮ್ಮುಗಳನ್ನು ತೋಟಕ್ಕೆ ಕಳಿಸಬೇಕೆಂದು ಹೇಳಿದಾಗ, ಗ್ರಾನೈಟ್ ಬರುವವರೆಗೆ ಬಾಗಿಲನ್ನು ಮಾತ್ರ ತೆಗೆಯಬೇಡ, ಕೆಳಗೆ ಇಟ್ಟಿಗೆ ಕೊಟ್ಟು ತಗ್ಗಿಸಿ ಇಡು, ಹಪ್ಪಳದ ಹಿಟ್ಟು ಇನ್ನೂ ಇದೆ ಎಂದು ಅಮ್ಮ ಹೇಳಿದ್ದಾರೆ. ನಾಳೆ ಬೆಳಿಗ್ಗೆ 28 ಇಂಚಿಗೆ ಇಟ್ಟಿಗೆ ಜೋಡಿಸುವ ಕೆಲಸ ನನ್ನದು.