ಹೊಳ ನೋಡಿ ಕಟ್ಟಿದ ಡಯಾ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಳಗೆ ಇಳಿದರೆ ನಮ್ಮ ಮನೆ. ನೀರು ಬರುವುದು ಗುಡ್ಡದ ಮೇಲಿನ ಅಬ್ಬಿಯಿಂದ. ಪಂಪಿಲ್ಲ, ಬಿಲ್ಲಿಲ್ಲ. ಕಪ್ಪು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ. ಆದರೆ ಯಾವ ವಾಲ್ವ್ ತಿರುಗಿಸಿದರೆ ನೀರು ತೋಟಕ್ಕೆ, ಯಾವುದು ತಿರುಗಿಸಿದರೆ ಕೊಟ್ಟಿಗೆಗೆ ಅನ್ನುವುದು ಅಪ್ಪಯ್ಯನ ತಲೆಯೊಳಗೆ ಮಾತ್ರ ಇದೆ. ಹೋದ ಜುಲೈನಲ್ಲಿ ಊರಿಗೆ ಹೋದವನು ಕೊಟ್ಟಿಗೆಯದು ಅಂದುಕೊಂಡು ಬಚ್ಚಲಿನ ವಾಲ್ವ್ ಬಂದ್ ಮಾಡಿದೆ. ಅತ್ತೆ ತಲೆತುಂಬ ಸೀಗೆಪುಡಿ ಹಚ್ಚಿಕೊಂಡು ಒಳಗಿದ್ದರು. ಮುಂದಿನದ್ದು ಬರೆಯುವುದಿಲ್ಲ.

ಅವತ್ತೇ ತೀರ್ಮಾನಿಸಿದೆ, ಈ ನೀರಿನ ದಾರಿಗೊಂದು ನಕ್ಷೆ ಬೇಕು.

ಕಾಗದದ ಮೇಲೆ ಗೀಚಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕುಟ್ಟುವವನು, ಮರ್ಯಾದೆ ಪ್ರಶ್ನೆ ಅಲ್ವಾ? ಡಯಾ ಅಂತ ಒಂದು ತಂತ್ರಾಂಶ ಇದೆ. ಚೌಕ, ಗೆರೆ, ಬಾಣ ಹಾಕಿ ಇಂಥ ನಕ್ಷೆ ಬಿಡಿಸಲಿಕ್ಕೇ ಮಾಡಿದ್ದು. ಪುಕ್ಕಟೆ, ಸೋರ್ಸ್ ಕೋಡ್ ಸಮೇತ, ಅಂದರೆ ಅದನ್ನು ಬರೆದ ಮೂಲ ಸಾಲುಗಳ ಸಮೇತ ಸಿಗುತ್ತದೆ. ಆ ಸಾಲುಗಳನ್ನು ಓಡುವ ತಂತ್ರಾಂಶವಾಗಿ ಮಾಡುವುದಕ್ಕೆ ಕಟ್ಟುವುದು ಅನ್ನುತ್ತೇವೆ. ನಾನು ಇಳಿಸಿಕೊಂಡದ್ದು 2014ರಲ್ಲಿ ಬಂದ 0.97.3 ಆವೃತ್ತಿ. ನೂರಕ್ಕೆ 97 ತೆಗೆದು, ಇನ್ನು ಸಾಕು ಅಂತ ಕೂತ ಹುಡುಗನ ಹಾಗಿದೆ ಆ ಅಂಕಿ.

ನನ್ನ ಕಂಪ್ಯೂಟರನ್ನು ನಡೆಸುವ ಉಬುಂಟುವಿನಲ್ಲಿ ಒಂದೇ ಒಂದು ಸಾಲು ಟೈಪ್ ಮಾಡಿದರೆ ಕಟ್ಟಿ ರೆಡಿಯಾದ ಡಯಾ ಬಂದು ಕೂರುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸೋರ್ಸ್‌ನಿಂದ ನಾನೇ ಕಟ್ಟುತ್ತೇನೆ ಅಂತ ಹೊರಟೆ. ಕಾರಣ ಕೇಳಬೇಡಿ. ಕೆಲವರು ರಜೆಯಲ್ಲಿ ಕೊಡಚಾದ್ರಿ ಹತ್ತುತ್ತಾರೆ.

ಜಗಲಿಯಲ್ಲಿ ನನ್ನ ಹಳೆಯ ಕಂಪ್ಯೂಟರ್. ಅದರ ಯುಪಿಎಸ್ ಬ್ಯಾಟರಿ ಸತ್ತು ಎರಡು ಮಳೆಗಾಲ ಆಗಿದೆ. ನೆಟ್‌ವರ್ಕ್ ಸಿಗುವುದು ಅಂಗಳದಂಚಿನ ಹಲಸಿನ ಮರದ ಹತ್ತಿರ ಮಾತ್ರ. ಫೋನನ್ನು ಹಾಲಿನ ಪ್ಯಾಕೆಟಿನಲ್ಲಿ ಸುತ್ತಿ ಕೊಂಬೆಗೆ ನೇತುಹಾಕಿ, ಹಾಟ್‌ಸ್ಪಾಟ್ ಹಾಕಿ, ಒಳಗೆ ಬಂದು ‘ಕಾನ್ಫಿಗರ್’ ಒತ್ತಿದೆ. ಕಟ್ಟಲು ಬೇಕಾದ ಸಾಮಾನೆಲ್ಲ ಮನೆಯಲ್ಲಿದೆಯಾ ಅಂತ ಹುಡುಕುವುದು ಅದರ ಕೆಲಸ. ಒಂದೊಂದಕ್ಕೂ ಎಸ್, ಎಸ್ ಅನ್ನುತ್ತಾ ಹೋಯಿತು. ಆಮೇಲೆ ನಿಂತಿತು. ಇಂಟ್ಲ್‌ಟೂಲ್‌ಗೆ ಪರ್ಲ್‌ನ ಎಕ್ಸ್‌ಎಂಎಲ್ ಪಾರ್ಸರ್ ಬೇಕಂತೆ. ಚಿತ್ರ ಬಿಡಿಸುವುದಕ್ಕೂ ಇದಕ್ಕೂ ಎಂತ ಸಂಬಂಧ? ಮದುವೆ ಮನೆಯಲ್ಲಿ ಎಲ್ಲ ಸಿದ್ಧವಾದ ಮೇಲೆ ಯಾರೋ ದೂರದ ನೆಂಟರಿಗೆ ಫೋನ್ ಮಾಡಿಲ್ಲ ಅಂತ ನೆನಪಾಗುತ್ತದಲ್ಲ, ಹಾಗೆ. ಅವರನ್ನು ಕರೆತಂದೆ. ಈಗ ಪರದೆಯ ಮೇಲೆ ಕಿಟಕಿ, ಗುಂಡಿ ಬಿಡಿಸುವ ಜಿಟಿಕೆ ಇಲ್ಲ ಅಂದಿತು. ಇದೆಯಲ್ಲ ಮಾರಾಯ! ಇರುವುದು ಬರೀ ಓಡಿಸಲಿಕ್ಕೆ ಸಾಕಾಗುವ ಜಿಟಿಕೆ. ಕಟ್ಟಲಿಕ್ಕೆ ಅದರ ‘ಡೆವ್’ ಪ್ಯಾಕೇಜ್ ಬೇರೆಯೇ ಬೇಕು.

“ಡೆವ್ ಇಲ್ಲ ಅಂತಿದೆ” ಎಂದು ಗೊಣಗಿದೆ. ಒಳಗಿಂದ ಅಮ್ಮ ಕೂಗಿದರು: “ದೇವ್ರು ಇಲ್ಲ ಅಂತದಾ? ಅಂಥದ್ದನ್ನ ಸಂಜೆ ಹೊತ್ತು ಜಗಲೀಲಿ ಇಟ್ಕಬೇಡ!”

ಇಷ್ಟೊತ್ತಿಗೆ ಅಪ್ಪಯ್ಯ ಬಂದು ಹಿಂದೆ ನಿಂತಿದ್ದರು. “ಎಂತದೋ ಅದು, ನಿನ್ನೆಯಿಂದ?”

ವಿವರಿಸಿದೆ. ನನ್ನ ಆಫೀಸಿನ ಅರ್ಧ ಜನಕ್ಕೆ ಅರ್ಥ ಮಾಡಿಸಲಾಗದ್ದು ಅವರಿಗೆ ಒಂದೇ ಏಟಿಗೆ ಹೊಳೆಯಿತು. “ಓ, ನಮ್ಮ ಬೋರ್ಡೋ ಇದ್ದಂಗೆ.”

ಹೌದು, ಹಾಗೇ. ಬೋರ್ಡೋ ಅಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ. ಅಂಗಡಿಯಲ್ಲಿ ರೆಡಿ ಪುಡಿ ಸಿಗುತ್ತದೆ. ಅಪ್ಪಯ್ಯ ಮುಟ್ಟುವುದಿಲ್ಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಉಲ್ಟಾ ಮಾಡಿದರೆ ಕೆಟ್ಟಿತು. ಆಮೇಲೆ ಕತ್ತಿಯ ಅಲಗು ಅದ್ದಿ ನೋಡಬೇಕು. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ. ಇಷ್ಟೆಲ್ಲ ಮಾಡಿ ಮಳೆ ಹೊಳವಾಗುವುದನ್ನೇ, ಅಂದರೆ ನಡುವೆ ಬಿಡುವು ಕೊಡುವುದನ್ನೇ ಕಾಯಬೇಕು. ಹೊಡೆದದ್ದು ಗೊನೆಯ ಮೇಲೆ ಒಣಗುವಷ್ಟಾದರೂ ಹೊಳ ಸಿಗಬೇಕು.

ಮರುದಿನ ಇಬ್ಬರೂ ಹೊಳ ಕಾಯುತ್ತಾ ಜಗಲಿಯಲ್ಲಿ ಕೂತೆವು. ಅವರದ್ದು ಮಳೆಯ ಹೊಳ, ನನ್ನದು ಕರೆಂಟಿನ ಹೊಳ. ಹತ್ತು ಗಂಟೆಗೆ ಎರಡೂ ಒಟ್ಟಿಗೆ ಬಂದವು. ಅಪ್ಪಯ್ಯ ಅಡಿಕೆ ಮರ ಹತ್ತುವ ಕೊನೆಗಾರನನ್ನು ಕರೆದುಕೊಂಡು ತೋಟಕ್ಕೆ ಇಳಿದರು, ನಾನು ಕಟ್ಟುವ ಕೆಲಸ ಶುರುಮಾಡುವ ‘ಮೇಕ್’ ಒತ್ತಿದೆ. ಪರದೆಯ ಮೇಲೆ ಸಾಲುಗಳು ಸುರಿಯತೊಡಗಿದವು. ಅರ್ಥವಾಗದಿದ್ದರೂ ನೋಡಲು ಎಷ್ಟು ಚಂದ! ಮುಕ್ಕಾಲು ಭಾಗ ಆಗಿರಬೇಕು, ಟಪ್ ಅಂತ ಕರೆಂಟ್ ಹೋಯಿತು. ಹಿಂದೆಯೇ ಮಳೆ. ಅಪ್ಪಯ್ಯ ಕಂಬಳಿಕೊಪ್ಪೆ ಕೊಡವುತ್ತಾ ಬಂದು, ಕಪ್ಪಗಾದ ನನ್ನ ಪರದೆ ನೋಡಿ, ಏನೂ ಹೇಳದೆ ಎಲೆಯಡಿಕೆ ತಟ್ಟೆ ಎಳೆದುಕೊಂಡರು.

ನಾನು ಹೆದರಲಿಲ್ಲ. ‘ಮೇಕ್’ ಬುದ್ಧಿವಂತ. ಆಗಿದ್ದನ್ನು ಬಿಟ್ಟು, ಉಳಿದದ್ದನ್ನು ಮಾತ್ರ ಮಾಡುತ್ತದೆ. ರಾತ್ರಿ ಕರೆಂಟ್ ಬಂದಾಗ ಮತ್ತೆ ಒತ್ತಿದೆ. ಕೊನೆಯವರೆಗೂ ಹೋಗಿ ಎಲ್ಲ ಜೋಡಿಸುವ ಹೊತ್ತಿಗೆ ಮುಗ್ಗರಿಸಿತು. ಹುಡುಕಿ ನೋಡಿದರೆ, ಕರೆಂಟ್ ಹೋದ ಗಳಿಗೆಯಲ್ಲಿ ಹುಟ್ಟಿದ ಒಂದು ಫೈಲು. ಹೆಸರಿದೆ, ತಾರೀಕಿದೆ, ಒಳಗೆ ಸೊನ್ನೆ ಬೈಟ್. ಪೊಳ್ಳು. ‘ಮೇಕ್’ ತಾರೀಕು ನೋಡಿ, ಇದು ಆಗಿದೆ ಅಂತ ಬಿಟ್ಟು ಹೋಗಿದೆ. ಅದೊಂದನ್ನೇ ಅಳಿಸಬಹುದಿತ್ತು. ಆದರೆ ಇನ್ನೆಷ್ಟು ಪೊಳ್ಳು ಇವೆಯೋ ಯಾರು ಕಂಡರು? ಎಲ್ಲ ತೊಳೆದು ಮೊದಲಿಂದ ಶುರು ಮಾಡಿದೆ.

“ನಂದೂ ಅಷ್ಟೇ. ತೊಳ್ಕೊಂಡು ಹೋಯ್ತು, ನಾಳೆ ಮತ್ತೆ ಹೊಡೀಬೇಕು” ಎಂದರು ಅಪ್ಪಯ್ಯ. ಅವರ ದನಿಯಲ್ಲಿ ಸ್ವಲ್ಪ ಖುಷಿಯೂ ಇತ್ತು ಅಂತ ನನ್ನ ಅನುಮಾನ.

ನಾಲ್ಕನೇ ದಿನ ಬೆಳಿಗ್ಗೆ ಮುಗಿಯಿತು. ಹೆಮ್ಮೆಯಿಂದ ‘ಮೇಕ್ ಇನ್‌ಸ್ಟಾಲ್’ ಹೊಡೆದರೆ ‘ಪರ್ಮಿಷನ್ ಡಿನೈಡ್’. ಕಟ್ಟಿದವನು ನಾನೇ, ಒಳಗೆ ಕೂರಿಸಲು ಅಪ್ಪಣೆ ಬೇಕು! ಮುಂದೆ ಯಜಮಾನನ ಅಧಿಕಾರ ಕೊಡುವ ‘ಸುಡೋ’ ಸೇರಿಸಿ ಕೂರಿಸಿದೆ. ಡಯಾ ತೆರೆಯಿತು. ಅಬ್ಬಿ, ಟ್ಯಾಂಕು, ಏಳು ವಾಲ್ವು, ಬಚ್ಚಲು, ಕೊಟ್ಟಿಗೆ, ತೋಟ, ಎಲ್ಲಕ್ಕೂ ಒಂದೊಂದು ಚೌಕ. ಅತ್ತೆಯ ಮನವಿಯಂತೆ ಬಚ್ಚಲಿನ ವಾಲ್ವಿಗೆ ಕೆಂಪು ಬಣ್ಣ. ಅಪ್ಪಯ್ಯನನ್ನು ಕರೆದು ಕನ್ನಡಕ ಕೊಟ್ಟು ಕೂರಿಸಿದೆ.

ತುಂಬಾ ಹೊತ್ತು ನೋಡಿದರು. “ಚೆನ್ನಾಗಿದೆ. ಆದ್ರೆ ಟ್ಯಾಂಕಿನ ಹತ್ರ ಮೊನ್ನೆ ಧರೆ ಕುಸೀತಲ್ಲ. ನೀ ಇಲ್ಲಿ ಕೂತಿದ್ದಾಗ ಪೈಪನ್ನ ಆಚೆ ದಿಕ್ಕಿಗೆ ತಿರುಗಿಸಿದ್ದೀವಿ. ಟ್ಯಾಂಕೂ ಅಲ್ಲಿಲ್ಲ ಈಗ.”

ನಾನು ಮಾತಾಡದೆ ಟ್ಯಾಂಕಿನ ಚೌಕವನ್ನು ಮೌಸಿನಲ್ಲಿ ಹಿಡಿದು ಆಚೆಗೆ ಎಳೆದೆ. ಅದಕ್ಕೆ ಅಂಟಿದ್ದ ಗೆರೆಗಳೆಲ್ಲ ತಾವಾಗಿ ಹಿಂದೆ ಬಂದವು.

ಅಪ್ಪಯ್ಯ ಪರದೆ ನೋಡಿದರು, ಮೂರು ದಿನ ಪೈಪ್ ಎಳೆದು ಬೊಬ್ಬೆ ಎದ್ದ ತಮ್ಮ ಅಂಗೈ ನೋಡಿಕೊಂಡರು. “ಇನ್ನೊಂದ್ಸಲ ಎಳಿ ನೋಡಣ” ಎಂದರು.