ಸ್ಪಷ್ಟನೆ: ಟಿಪ್ಪುವಿನ ಮದ್ದಿನ ಮನೆ ನೆಲಸಮವಾಗಿಲ್ಲ

ಶ್ರೀರಂಗಪಟ್ಟಣದ ರೈಲು ನಿಲ್ದಾಣದ ಬಳಿಯಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು (ಸಿಡಿಮದ್ದು ಇಡುತ್ತಿದ್ದ ಕಟ್ಟಡವನ್ನು) ಜೋಡಿ ಹಳಿಗಾಗಿ ಕೆಡವಿದರು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದು ತಪ್ಪು. ಬೆಂಗಳೂರು–ಮೈಸೂರು ಮಾರ್ಗದ ಜೋಡಿ ಹಳಿಗೆ ಕಟ್ಟಡ ಅಡ್ಡ ಬಂದಿದ್ದು ನಿಜ. ಆದರೆ 2017ರಲ್ಲಿ ಅದನ್ನು ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ದೂರಕ್ಕೆ ಸರಿಸಲಾಯಿತು.

ಬಿಚ್ಚಿ ಮತ್ತೆ ಜೋಡಿಸಿದರು ಎಂಬ ಇನ್ನೊಂದು ಮಾತೂ ಸರಿಯಲ್ಲ. ಇಟ್ಟಿಗೆ, ಸುಣ್ಣದ ಗಾರೆಯ ದಪ್ಪ ಗೋಡೆಯನ್ನು ಬಿಚ್ಚಿದರೆ ಹಳೆಯ ಗಾರೆ ಪುಡಿಯಾಗುತ್ತದೆ, ಉಳಿಯುವುದು ಬರೀ ಇಟ್ಟಿಗೆ ರಾಶಿ. ಆದ್ದರಿಂದ ಸುತ್ತಲಿನ ಮಣ್ಣು ತೆಗೆದು, ಕಟ್ಟಡದ ಕೆಳಗೆ ಉಕ್ಕಿನ ತೊಲೆ ಕೊಟ್ಟು, ಹೈಡ್ರಾಲಿಕ್ ಜಾಕ್‌ಗಳಿಂದ ಎಲ್ಲ ಕಡೆ ಸಮನಾಗಿ ಎತ್ತಬೇಕು. ಒಂದು ಮೂಲೆ ಬೇಗ ಎದ್ದರೂ ಗೋಡೆ ಸೀಳುತ್ತದೆ. ನೂರಾರು ಟನ್ ತೂಕದ ಕಟ್ಟಡಕ್ಕೆ ಇದು ಸಣ್ಣ ಕೆಲಸವಲ್ಲ!

ಹಳೆಯ ಜಾಗದಲ್ಲಿ ಕಟ್ಟಡ ಕಾಣದಿರುವುದೇ ಗೊಂದಲಕ್ಕೆ ಮೂಲವಿರಬಹುದು. ಕಾವೇರಿಯ ಈ ದ್ವೀಪದಲ್ಲಿ ಇಂಥ ಮದ್ದಿನ ಮನೆ ಒಂದೇ ಅಲ್ಲ, ಹಲವಿವೆ. ಹಾಗಾಗಿ ಬೇರೆ ಯಾವುದರದೋ ಪಾಳು ಗೋಡೆಯ ಚಿತ್ರವೂ ಇದರ ಹೆಸರಲ್ಲಿ ಹರಿದಾಡಬಹುದು.

ಆ ಸಂದೇಶ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.